ಸ್ಪಾನ್ಸರ್ ರದ್ದು ಮಾಡಿಸಲು ಬಂದವರು

ಸಿಂದಗಿಯಲ್ಲಿ ನಾನು ನೋಟರಿ ವಕೀಲೆ. ಇಂಥವರೆಲ್ಲ ನನ್ನ ಟೇಬಲ್ಲಿಗೇ ಯಾಕೆ ಬರುತ್ತಾರೋ ಗೊತ್ತಿಲ್ಲ. ಒಬ್ಬರ ಕಥೆಗೆ ನಕ್ಕು ಮುಗಿಸುವಷ್ಟರಲ್ಲಿ ಇನ್ನೊಬ್ಬರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತಾರೆ.

ಮನೆಯ ಹುಡುಗ ಓದಲು ಹೊರದೇಶಕ್ಕೆ ಹೊರಟರೆ, "ಇವನ ಖರ್ಚೆಲ್ಲ ನನ್ನದು" ಎಂದು ಯಾರಾದರೂ ಅಫಿಡವಿಟ್ ಬರೆದುಕೊಡಬೇಕು. ಅವರಿಗೆ ಸ್ಪಾನ್ಸರ್ ಅನ್ನುತ್ತಾರೆ. ಬರೆದುಕೊಡುವ ದಿನ ಇಡೀ ಬಳಗವೇ ಬರುತ್ತದೆ. ಪೇಢೆ ಹಂಚುತ್ತಾರೆ, ಸಹಿ ಹಾಕುವಾಗ ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ಸ್ಪಾನ್ಸರ್ ರದ್ದು ಮಾಡಿಸುವಾಗ ಮಾತ್ರ ಒಬ್ಬರೇ ಬರುತ್ತಾರೆ, ಅದೂ ಬೇರೆ ತಾಲೂಕಿನಿಂದ. ತಮ್ಮೂರಲ್ಲಿ ಮಾಡಿಸಿದರೆ ಸುದ್ದಿಯಾಗುತ್ತದಲ್ಲ! ಹೀಗಾಗಿ ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯವರೆಲ್ಲ ನನ್ನ ಹತ್ತಿರ ಬರುತ್ತಾರೆ. ಸಿಂದಗಿಯವರು ಇಂಡಿಗೆ ಹೋಗುತ್ತಾರಂತೆ.

ಗುಡ್ ಮಾರ್ನಿಂಗ್

ಹೊರ್ತಿಯಿಂದ ಲಿಂಬೆ ತೋಟದ ಯಜಮಾನರೊಬ್ಬರು ಬಂದರು. ತಂಗಿಯ ಮಗ ಐರ್ಲೆಂಡಿನಲ್ಲಿ ಓದುತ್ತಿದ್ದ.

"ಅಕ್ಕಾರ, ನಮ್ಮ ಅಳ್ಯಾನ ಸ್ಪಾನ್ಸರ್ ತಗದ ಒಗೀರಿ" ಅಂದರು.

"ಕಾರಣ ಬರೀಬೇಕಾಗ್ತೈತ್ರಿ."

"ಬರೀರಿ. ದಿನಾ ಮುಂಜಾನೆ ಐದಕ್ಕ ಎದ್ದು ಅವಗ ಗುಡ್ ಮಾರ್ನಿಂಗ್ ಕಳಸ್ತೇನಿ. ಒಂದಿನ ಹೂವಿಂದು, ಒಂದಿನ ಸೂರ್ಯಂದು, ಒಂದಿನ ಚಹಾ ಕಪ್ಪಿಂದು. ಹೊಳ್ಳಿ ಒಂದು ನಮಸ್ಕಾರ ಇಲ್ಲ. ಮಾವ ಬೇಕಿಲ್ಲಂದ ಮ್ಯಾಲೆ ಮಾವನ ರೊಕ್ಕಾ ಯಾಕ ಬೇಕು?"

ಸ್ಪಾನ್ಸರ್ ಹೋದರೆ ಹುಡುಗ ಓದು ಬಿಟ್ಟು ವಾಪಸ್ ಬರಬೇಕಾದೀತು ಎಂದೆ. ಅವರು ಜಗ್ಗಲಿಲ್ಲ. "ಪರಸ್ಪರ ಸಂಪರ್ಕದ ಕೊರತೆಯಿಂದಾಗಿ" ಎಂದು ಟೈಪ್ ಮಾಡುತ್ತಿದ್ದೆ, ಅವರ ಫೋನು ಟಿಣ್ ಅಂತು. ಅಳಿಯನದೇ. "ಗುಡ್ ಮಾರ್ನಿಂಗ್ ಮಾವ, ಪರೀಕ್ಷೆ ಇತ್ತು, ಕ್ಷಮಿಸು" ಎಂದಿದ್ದ.

ಯಜಮಾನರ ಮುಖ ಅರಳಿತು. ಆಮೇಲೆ ಗೋಡೆಯ ಗಡಿಯಾರ ನೋಡಿ ಮತ್ತೆ ಬಾಡಿತು. "ಮಧ್ಯಾಹ್ನ ಎರಡಾಗೈತಿ! ಈಗ ಎದ್ದಾನಂದ್ರ ಇಂವೇನು ಓದ್ತಾನ್ರಿ?"

ಅಲ್ಲಿ ಈಗ ಬೆಳಿಗ್ಗೆ, ಅಲ್ಲಿಯ ಗಡಿಯಾರ ನಮಗಿಂತ ಸುಮಾರು ಐದು ತಾಸು ಹಿಂದೆ ಎಂದು ತಿಳಿಸಿ ಹೇಳಿದೆ. ಫೋನು ಜೇಬಿಗಿಳಿಸಿ ಎದ್ದು ನಿಂತರು.

"ಆತು, ಈ ಸಲ ಬಿಡ್ತೇನಿ. ಆದ್ರ ಮುಂದಿನ ಡಿಗ್ರಿ ಜಪಾನದಾಗ ಮಾಡಂತ ಹೇಳ್ತೇನಿ. ಆ ಮಂದಿ ನಮಗಿಂತ ಮೊದಲ ಏಳ್ತಾರಂತ."

ಗುಟ್ಟಿನ ಕಾಗದ

ಬಸವನ ಬಾಗೇವಾಡಿಯ ನಿವೃತ್ತ ಮಾಸ್ತರರು ಬಂದಾಗ ಮೊದಲು ಹೊರಗೆ ಇಣುಕಿ ನೋಡಿ, ಬಾಗಿಲು ಅರ್ಧ ಮುಂದೆ ಮಾಡಿ, ಆಮೇಲೆ ಕೂತರು. ಅವರ ಹೆಂಡತಿಯ ತಮ್ಮ ಆಸ್ಟ್ರೇಲಿಯಾದಲ್ಲಿ ಮೂರು ವರ್ಷದಿಂದ ಓದುತ್ತಿದ್ದಾನೆ. ಮೊದಲು ಅಡುಗೆ ಕಲಿತ, ಆಮೇಲೆ ಹೋಟೆಲ್ ನಡೆಸುವುದು ಕಲಿತ, ಈಗ ಕೇಶ ವಿನ್ಯಾಸ ಕಲಿಯುತ್ತೇನೆ ಅನ್ನುತ್ತಿದ್ದಾನೆ.

"ನಾ ಮೂವತ್ತು ವರ್ಷ ಗಣಿತ ಕಲಿಸೇನ್ರಿ. ಒಂದ ವಿಷಯ! ಇಂವಾ ವರ್ಷಕ್ಕೊಂದು ಹಿಡೀತಾನ. ಸಾಕಾತು. ಆದ್ರ ಮನ್ಯಾಗ ಗೊತ್ತಾಗಬಾರದು" ಅಂದರು.

ಕಾಗದ ಸಿದ್ಧಮಾಡಿದೆ. ಆದರೆ ಬ್ಯಾಂಕಿನ ಖಾತೆ ಗಂಡ ಹೆಂಡತಿ ಇಬ್ಬರ ಹೆಸರಲ್ಲಿತ್ತು. ಇಬ್ಬರ ಸಹಿಯೂ ಬೇಕು ಎಂದೆ. ಮಾಸ್ತರರು ಬೆವರು ಒರೆಸಿಕೊಂಡರು.

"ಇಂಗ್ಲಿಷ್‌ನ್ಯಾಗ ಐತಲ್ರಿ ಇದು?"

"ಹೌದ್ರಿ."

"ಹಂಗಾದ್ರ ಚಿಂತಿಲ್ಲ. ಆಕಿ ಕನ್ನಡ ಪೇಪರ್ ಬಿಟ್ರ ಬ್ಯಾರೆ ಏನೂ ಓದೂದಿಲ್ಲ. ಗ್ಯಾಸಿನ ಕಾಗದ ಅಂತ ಹೇಳಿ ಸಹಿ ಮಾಡಸ್ತೇನಿ."

ಇದು ಸರಿಯಲ್ಲ, ಅವರಿಗೆ ಓದಿ ಹೇಳಿಯೇ ಸಹಿ ಮಾಡಿಸಬೇಕು, ಇಬ್ಬರೂ ನನ್ನ ಮುಂದೆ ಬರಬೇಕು ಎಂದೆ. ಅವರು ಕೇಳಿಸಿಕೊಳ್ಳದೆ ಕಾಗದ ಎತ್ತಿಕೊಂಡು ಹೋದರು.

ಎರಡು ದಿನ ಬಿಟ್ಟು ಮತ್ತೆ ಬಂದರು. ಈ ಸಲ ಬಾಗಿಲು ಮುಂದೆ ಮಾಡಲಿಲ್ಲ. ಕಾಗದ ಟೇಬಲ್ ಮೇಲೆ ಇಟ್ಟು ಕೂತರು. ಹೆಂಡತಿಯ ಸಹಿ ಇತ್ತು. ಸಹಿಯ ಮೇಲೆ ನೀಲಿ ಪೆನ್ನಿನಲ್ಲಿ, ದುಂಡಗಿನ ಅಕ್ಷರದಲ್ಲಿ, ಅಚ್ಚ ಇಂಗ್ಲಿಷಿನಲ್ಲಿ ಎರಡು ಸಾಲು ಸೇರಿಸಿದ್ದರು. ಅದರ ಅರ್ಥ ಇಷ್ಟು:

"ಇಂದಿನಿಂದ ಇವರ ಬದಲು ನಾನೇ ಸ್ಪಾನ್ಸರ್. ನನ್ನ ಆದಾಯದ ಮೂಲ: ಇವರ ಪೆನ್ಷನ್."

ಹೋದ ಕೈ

ಸಿಂದಗಿಯವರೇ ಬಂದದ್ದು ಒಂದೇ ಸಲ. ಅವರೊಬ್ಬ ಕಂತ್ರಾಟದಾರ. ಅಣ್ಣನ ಮಗನನ್ನು ಇಂಗ್ಲೆಂಡಿನಲ್ಲಿ ಓದಿಸುತ್ತಿದ್ದರು. ಇಲ್ಲಿ ಅಣ್ಣನ ಜೊತೆ ಹೊಲದ ಬದುವಿನ ಜಗಳವಾಯಿತು. ಬದು ಒಂದು ಮೊಳ ಸರಿದದ್ದಕ್ಕೆ, ಕಡಲಾಚೆ ಇದ್ದ ಹುಡುಗನ ಫೀಸು ನಿಂತಿತು.

ವಕೀಲರ ಖರ್ಚು ಯಾಕೆಂದು ಕಾಲೇಜಿಗೆ ಅವರೇ ಪತ್ರ ಬರೆದಿದ್ದರು. ಫೋನಿನಲ್ಲಿ ಕನ್ನಡದಲ್ಲಿ ಹೇಳಿದರೆ ಅದೇ ಇಂಗ್ಲಿಷ್ ಮಾಡಿಕೊಟ್ಟಿತ್ತು. ವಾರದ ಮೇಲೆ ಬಂದ ಉತ್ತರ ತಿಳಿಯದೆ ನನ್ನ ಹತ್ತಿರ ತಂದಿದ್ದರು. ನಾನು ಓದಿ ಹೇಳಿದೆ.

"ನಿಮ್ಮ ಕೈ ಹೋದ ಸುದ್ದಿ ತಿಳಿದು ನಮಗೆಲ್ಲ ತುಂಬ ದುಃಖವಾಗಿದೆ. ಇಂಥ ಕಷ್ಟದಲ್ಲೂ ನಿಮ್ಮ ಹುಡುಗನ ಓದಿನ ಬಗ್ಗೆ ಯೋಚಿಸಿ ಪತ್ರ ಬರೆದಿರಲ್ಲ, ಅದು ದೊಡ್ಡದು. ಫೀಸು ಕಟ್ಟಲು ಅವಸರವಿಲ್ಲ. ಬೇಗ ಗುಣವಾಗಿ."

ಕಂತ್ರಾಟದಾರರು ತಮ್ಮ ಕೈಗಳನ್ನು ತಾವೇ ನೋಡಿಕೊಂಡರು.

"ನೀವು ಏನಂತ ಬರದಿದ್ರಿ?" ಎಂದು ಕೇಳಿದೆ.

"ಹುಡುಗನ ಓದಿನ ವಿಷಯದಾಗ ನಾ ಕೈ ಬಿಟ್ಟೇನಿ ಅಂತ ಹೇಳಿದ್ನಿ, ಅಷ್ಟ!"

ಕೈ ಬಿಟ್ಟದ್ದನ್ನು ಫೋನು ಕೈ ಕಳಚಿ ಬಿತ್ತು ಎಂದು ತಿಳಿದುಕೊಂಡಿತ್ತು. ಕಾಲೇಜಿನವರು ಹುಡುಗನನ್ನು ಕರೆದು ಸಮಾಧಾನ ಹೇಳಿದ್ದರು. ಹುಡುಗ ಅಳುತ್ತಾ ಊರಿಗೆ ಫೋನ್ ಮಾಡಿದ್ದ. ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣ, ಕಾಲಲ್ಲಿ ಚಪ್ಪಲಿಯೂ ಇಲ್ಲದೆ ಹೊಲದಿಂದ ಓಡಿ ಬಂದು, ತಮ್ಮನ ಎರಡೂ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತಿದ್ದನಂತೆ. ಕೈ ಹೋದ ಸುದ್ದಿ ಎಲ್ಲಿಂದ ಹುಟ್ಟಿತೆಂದು ಇವರಿಗೆ ತಿಳಿದದ್ದು ಮಾತ್ರ ಈಗಲೇ.

ನನಗೂ ಕಣ್ಣು ತುಂಬಿ ಬಂತು. "ಹೋಗ್ಲಿ ಬಿಡ್ರಿ, ಈ ನೆವದಾಗ ಬದುವಿನ ಜಗಳ ಮುಗೀತಲ್ಲ" ಎಂದೆ.

"ಎಲ್ಲಿ ಮುಗೀತ್ರಿ? ಎರಡೂ ಕೈ ನೆಟ್ಟಗ ಅದಾವ ಅಂತ ಖಾತ್ರಿ ಆದ ಕೂಡ್ಲೆ, ಆ ಕೈ ಹಿಡಕೊಂಡ ಮತ್ತ ಜಗಳಾ ಶುರು ಹಚ್ಚಿದಾ!"

ಸ್ವಇಚ್ಛೆ

ಇಲ್ಲಿಯವರೆಗೆ ಬಂದವರೆಲ್ಲ ತಾವೇ ಬಿಡಿಸಿಕೊಳ್ಳಲು ಬಂದವರು. ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಯಿಂದ ಬಂದ ಕುರಿಗಾರ ಮನೆತನದ ಹಿರಿಯಳ ಕಥೆ ಉಲ್ಟಾ. ಅರವತ್ತು ದಾಟಿದ ವಯಸ್ಸು, ಕೈಯಲ್ಲಿ ಬೆಳ್ಳಿ ಕಡಗ, ಮುಖದ ಮೇಲೆ ಸಿಟ್ಟು. ಟಗರು ಮಾರಿ ಮಾರಿ ತಮ್ಮನ ಮಗಳನ್ನು ಜರ್ಮನಿಯಲ್ಲಿ ಓದಿಸಿದ್ದಳು. ಆ ಹುಡುಗಿಯ ಓದು ಮುಗಿದು ಅಲ್ಲೇ ನೌಕರಿ ಸಿಕ್ಕಿತ್ತು. ವೀಸಾ ಬದಲಾಗುತ್ತದೆ, ಇನ್ನು ಸ್ಪಾನ್ಸರ್ ಬೇಕಿಲ್ಲ, ರದ್ದಿನ ಕಾಗದ ಕಳಿಸು ಎಂದು ಅವಳೇ ಈ ಸೋದರತ್ತೆಗೆ ಹೇಳಿದ್ದಳು.

ವಿಡಿಯೋ ಕಾಲ್‌ನಲ್ಲಿ ಹುಡುಗಿಯನ್ನು ಕೂರಿಸಿಕೊಂಡೇ ಅತ್ತೆ ನನ್ನ ಮುಂದೆ ಕೂತಳು.

"ಅಕ್ಕಾರ, ಈಕಿ ನನ್ನ ತಗದ್ ಹಾಕಾಕತ್ತಾಳ. ನಾ ಏನು ತಪ್ಪ ಮಾಡೇನಿ, ಕೇಳ್ರಿ!"

"ಅತ್ತಿ, ತಗದ್ ಹಾಕೂದಲ್ಲ. ನನಗೀಗ ಪಗಾರ ಬರ್ತೈತಿ. ಸಾಕು ನೀ ಟಗರ ಮಾರೂದು."

"ಟಗರ ನನ್ನವು. ನೀ ಯಾರ ಸಾಕನ್ನಾಕಿ? ಊರಾಗ ಎಲ್ಲಾರೂ ನನ್ನ ಜರ್ಮನಿ ಸ್ಪಾನ್ಸರ್ ಅಂತಾರ. ಗ್ರಾಮ ಪಂಚಾಯಿತಿಯವರು ಕುರ್ಚಿ ಕೊಡ್ತಾರ. ನಾಳಿಂದ ಏನನ್ಬೇಕು ಅವರು?"

ಫೋನಿನಲ್ಲಿ ಹುಡುಗಿ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ನೀ ಕಾಗದ ಕೊಡಲಿಲ್ಲಂದ್ರ ನನ್ನ ನೌಕರಿ ವೀಸಾ ತಡಾ ಆಗ್ತೈತಿ, ಅತ್ತಿ" ಅಂದಳು. ಆ ಮಾತಿಗೆ ಅತ್ತೆ ಮೆತ್ತಗಾದಳು. ಓದ್ರಿ ಎಂದಳು. ನಾನು ಓದಿದೆ: "ನಾನು ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ..."

"ನಿಂದರ್ರಿ! ಸ್ವಇಚ್ಛಾ ಎಲ್ಲೈತಿ ಇಲ್ಲಿ? ಪೂರಾ ಒತ್ತಾಯಾನ ಐತಿ. ಒತ್ತಾಯದಿಂದ ಅಂತ ಬರೀರಿ."

"ಹಂಗ ಬರದ್ರ ಕಾಗದ ನಡಿಯೂದಿಲ್ರಿ."

"ನಡೀದಿದ್ರ ಚಲೋನ ಆತಲ್ಲ!"

ಅರ್ಧ ತಾಸು ವಾದವಾದ ಮೇಲೆ, ಒಲ್ಲದ ಮನಸ್ಸಿನಿಂದ, ಫೋನಿನ ಕಡೆ ನೋಡದೆ, ಹೆಬ್ಬೆಟ್ಟು ಒತ್ತಿದಳು. ಸೆರಗಿನಿಂದ ಬೆರಳು ಒರೆಸಿಕೊಂಡಳು. ಎದ್ದು ಹೋಗಲಿಲ್ಲ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಕ್ಕಾರ, ನಿಮಗೆಷ್ಟು ವಯಸ್ಸು?"

"ಐವತ್ತೆರಡು."

"ಮತ್ತ ಇನ್ನೆಷ್ಟು ವರ್ಷ ಹಿಂಗ ಮಂದಿ ಕಾಗದಕ್ಕ ಶಿಕ್ಕಾ ಹೊಡಕೋತ ಕೂಡ್ತೀರಿ? ಹೋಗ್ರಿ ಜರ್ಮನಿಗಿ, ಏನರ ಕಲೀರಿ. ಇನ್ನೂ ಹನ್ನೆರಡು ಟಗರ ಅದಾವ ನನ್ನ ಹಂತ್ಯಾಕ."

ನನಗೆ ನಗು ತಡೆಯಲಾಗಲಿಲ್ಲ. "ಈ ವಯಸ್ಸಿನ್ಯಾಗ ನನಗ್ಯಾರ ವೀಸಾ ಕೊಡ್ತಾರ, ಯವ್ವಾ?"

"ಯಾಕ ಕೊಡೂದಿಲ್ಲ? ಸ್ಪಾನ್ಸರ್ ನಾ ಇದ್ದೇನಲ್ಲ! ಆದ್ರ ಒಂದ ಮಾತು ಮೊದಲ ಹೇಳ್ತೇನಿ, ಸಿಟ್ಟ ಆಗಬ್ಯಾಡ್ರಿ" ಎಂದು ಬೆರಳೆತ್ತಿದಳು. "ನೀವು ನಾಪಾಸಾದ್ರ, ರದ್ದಿನ ಕಾಗದಾನೂ ನೀವ ಟೈಪ್ ಮಾಡಬೇಕು, ಶಿಕ್ಕಾನೂ ನೀವ ಹೊಡೀಬೇಕು, ಫೀಸೂ ನೀವ ಕೊಡಬೇಕು. ಸ್ವಇಚ್ಛೆಯಿಂದ!"