ಎದ್ದವರು ಒಂದು, ಕೂತವರು ಸೊನ್ನೆ

ಹಾನಗಲ್ಲಿನ ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸಾವಿರದ ಒಂಬೈನೂರ ಎಂಬತ್ನಾಲ್ಕರ ಬೇಸಿಗೆಯಲ್ಲಿ ಮಜೀದನ ಬಾಡಿಗೆ ಅಂಬಾಸಿಡರ್ ಕಾರಿನ ಹಿಂದಿನ ಸ್ಪ್ರಿಂಗ್ ಪಾಟಾ ಮುರಿಯಿತು.

"ಐದ ಮಂದಿ ನೋಡ್ರಿ, ಗುತ್ತೆಪ್ಪ ಸರ. ಆರನೇದವ್ರು ಹತ್ತಿದ್ರ ಗಾಡಿ ಬಂಕಾಪುರದಾಗ ಕುಂಡಿ ಊರತೈತಿ," ಎಂದ ಮಜೀದ.

ಕಾಲೇಜಿನಲ್ಲಿ ಗಣಿತ ಕಲಿಸುವ ಗುತ್ತೆಪ್ಪ ಅಂದು ಸವಣೂರಿಗೆ ಕನ್ಯೆ ನೋಡಲು ಹೊರಟಿದ್ದ. ಜೊತೆಗೆ ಬರಲು ಒಂಬತ್ತು ಹಿರಿಯರು ಅಂಗಳದ ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ಹೋದ ಸಲ ಹಿರೇಕೆರೂರಿನಲ್ಲಿ ಉಪ್ಪಿಟ್ಟಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಇದೇ ಮಂದಿ ಕನ್ಯೆಯ ಎದುರೇ ಕಚ್ಚಾಡಿ, ಸಂಬಂಧವನ್ನು ಬಾಣಲೆಯಲ್ಲೇ ಸೀಯಿಸಿದ್ದರು. ಸವಣೂರಿನ ಹೊನ್ನವ್ವನ ಫೋಟೋ ನೋಡಿದಾಗಿನಿಂದ ಗುತ್ತೆಪ್ಪನಿಗೆ ನಿದ್ದೆಯಿಲ್ಲ. ಈಗ ಬೇಕಾದದ್ದು ಒಂದೇ: ಜಗಳವಾಡದ ಐವರು.

ಅವನು ಮುಂಬೈಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು ಬಂದವನು. ಅಲ್ಲಿ ಕಲಿತ ಒಂದು ಕಂಪ್ಯೂಟರ್ ಭಾಷೆಯಲ್ಲಿ ಒಂದೇ ಗುರುತು ಬರೆದರೆ ಒಂದು-ಸೊನ್ನೆಗಳ ಇಡೀ ಸಾಲು ಒಮ್ಮೆಲೇ ಬದಲಾಗುತ್ತಿತ್ತು. ಹಾನಗಲ್ಲಿನಲ್ಲಿ ಕಂಪ್ಯೂಟರ್ ಇರಲಿಲ್ಲ, ಹಿರಿಯರಿದ್ದರು.

"ಎದ್ದವ್ರು ಒಂದು, ಕುಂತವ್ರು ಸೊನ್ನಿ. ಯಾವಾಗ್ಲೂ ಐದ ಮಂದಿ ನಿಂತಿರಬೇಕ್ರಿ. ನಾ ಚಪ್ಪಾಳಿ ತಟ್ಟಿದ ಕೂಡ್ಲೆ ಬಲಕಿನ ಗುಂಪಿನಾಗ ಎಡತುದಿಗೆ ನಿಂತವ್ರು ಕುಂತು ತಮ್ಮ ಎಡಕಿನವ್ರನ್ನ ಎಬ್ಬಸ್ರಿ. ಆ ಗುಂಪಿನಾಗ ಉಳದಷ್ಟು ಮಂದಿ ಮತ್ತ ಬಲಕಿನ ತುದಿಯಿಂದ ಏಳಬೇಕು. ಐದ ಮಂದಿಯ ಒಂದೂ ಗುಂಪು ತಪ್ಪೂದಿಲ್ಲ, ಒಂದೂ ಎರಡ ಸಲ ಬರೂದಿಲ್ಲ."

"ಯಾರಿಗಲೇ ಸೊನ್ನಿ ಅಂದಿ?" ಮಾಳಪ್ಪ ಮಾವ ಸಿಡಿದ. "ನಮ್ಮಪ್ಪ ಊರಗೌಡ್ರ ಮುಂದೂ ಒಂದ ಆಗಿದ್ದ!"

ಚಪ್ಪಾಳೆ ಬಿತ್ತು. ಎದ್ದ ಐವರಿಗೆ ಗುತ್ತೆಪ್ಪ ಪರೀಕ್ಷೆಯ ಪ್ರಶ್ನೆ ಹಾಕಿದ: "ಸಂಜೀಕ ಮಳಿ ಬರತೈತೇನ್ರಿ?"

"ಬರತೈತಿ," ಎಂದ ಮಲ್ಲೇಶಪ್ಪ ಕಾಕಾ.

"ನಿನ್ನ ತಲಿ ಬರತೈತಿ," ಎಂದಳು ಅಡಿವೆವ್ವ ಅತ್ತಿ.

ಮತ್ತೆ ಚಪ್ಪಾಳೆ. ಮತ್ತೆ ಜಗಳ. ಅಂಗಳದಲ್ಲಿ ಹಿರಿಯರು ಕುದಿಯುವ ಎಸರಿನ ಅಕ್ಕಿಯಂತೆ ಏಳುತ್ತ ಮುಳುಗುತ್ತಿದ್ದರು. ಆಚೆ ಮನೆಯ ಹುಸೇನಬಿ ಗೋಡೆಯ ಮೇಲಿಂದ ಇಣುಕಿದಳು.

"ಯಾ ಅಲ್ಲಾ! ಯಾಕ ಗುತ್ತೆಪ್ಪಾ, ಹಿರ್ಯಾರಿಗೆ ಬಸ್ಕಿ ಹೊಡಸಾಕತ್ತೀ? ಏನ ತಪ್ಪ ಮಾಡ್ಯಾರ?"

"ಇವನ ಮದುವಿ ಮಾಡಾಕ ಹೊಂಟೇವಲ್ಲ, ಅದ!" ಎಂದು ಅತ್ತಿ ಏದುಸಿರು ಬಿಟ್ಟಳು.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಪವಾಡ ನಡೆಯಿತು. ಮಲ್ಲೇಶಪ್ಪ ಕಾಕಾನ ಜೊತೆ ನಿಂತ ನಾಲ್ವರು ಅವನು "ಮಳಿ ಬರತೈತಿ" ಎಂದೊಡನೆ "ಹೌದ ಹೌದು" ಎಂದರು. ಗುತ್ತೆಪ್ಪ ಖಾತ್ರಿಗೆಂದು "ಕಾಗಿ ಬೆಳ್ಳಗಿರತೈತೇನ್ರಿ?" ಎಂದು ಕೇಳಿದ. ಕಾಕಾನಿಗೆ ಕಿವಿ ಮಂದ, "ಹೂಂ" ಎಂದ. ನಾಲ್ವರೂ "ಹೌದ ಹೌದು!"

ಗುತ್ತೆಪ್ಪ ಕುಣಿದಾಡುತ್ತ ಒಳಗೆ ಹೋಗಿ ತಲೆ ಬಾಚಿಕೊಂಡು ಬಂದ. ಕಾರು ತುಂಬಿತ್ತು.

"ನಾ ಎಲ್ಲಿ ಕುಂದ್ರಲೋ ಮಜೀದ?"

"ಐದ ಆದ್ವಲ್ರಿ ಸರ. ನಿಮ್ಮ ಲೆಕ್ಕದಾಗ ನೀವ ಇರಲಿಲ್ಲ."

"ಯಾರರ ಒಬ್ಬರು ಇಳೀರಿ..."

"ಇಳ್ಯಾಂಗಿಲ್ಲ!" ಐದು ಬಾಯಿ, ಒಂದೇ ದನಿ. ಕಾರು ಧೂಳೆಬ್ಬಿಸಿ ಹೋಯಿತು.

ಗುತ್ತೆಪ್ಪ ಬಸ್ಸಿನಲ್ಲಿ ಕೋಳಿಬುಟ್ಟಿಗಳ ನಡುವೆ ನಿಂತು, ಬಾಚಿದ ತಲೆಯಲ್ಲಿ ಪುಕ್ಕ ಸಿಕ್ಕಿಸಿಕೊಂಡು ಸವಣೂರು ಮುಟ್ಟಿದ. ಹೊನ್ನವ್ವನ ಅಪ್ಪ ಬಾಗಿಲಲ್ಲೇ ತಡೆದ.

"ಯಾರು ಬೇಕಾಗಿತ್ರಿ?"

"ನಾನ ರೀ, ಹಾನಗಲ್ಲಿನ ವರ."

"ವರಗ ಜ್ವರ ಬಂದು ಮಲಗ್ಯಾನಂತ ಹಿರ್ಯಾರು ಈಗಷ್ಟ ಹೇಳಿದ್ರಲ್ಲ?"

ಗುತ್ತೆಪ್ಪ ಒಳಗೆ ನೋಡಿದ. ವರನಿಲ್ಲದೆ ಬಂದ ಮಾನ ಉಳಿಸಲು ಮಲ್ಲೇಶಪ್ಪ ಕಾಕಾ ಹೇಳಿದ ಸುಳ್ಳು ಅವನದೇ ಗಂಟಲಲ್ಲಿ ಉಪ್ಪಿಟ್ಟಿನ ಜೊತೆ ಸಿಕ್ಕಿಕೊಂಡಿತ್ತು. ಅದನ್ನು ನುಂಗಿ ಕಾಕಾ ಹೇಳಿದ: "ಇವ ಯಾರೋ, ನಮಗ ಗೊತ್ತಿಲ್ಲ."

ನಾಲ್ವರೂ ತಲೆಯಾಡಿಸಿದರು. "ಹೌದ ಹೌದು!"

"ಐದ ಮಂದಿ ಒಂದ ಮಾತು ಅಂದ ಮ್ಯಾಲ ಮುಗೀತು. ಹೊರಗ ಕುಂದ್ರಪಾ," ಎಂದ ಕನ್ಯೆಯ ಅಪ್ಪ.

ಕಟ್ಟೆಯ ಮೇಲೆ ಮಜೀದ ಸರಿದು ಜಾಗ ಬಿಟ್ಟ. ಸ್ವಲ್ಪ ಹೊತ್ತಿಗೆ ಹೊನ್ನವ್ವ ಇಬ್ಬರಿಗೂ ಚಾ ತಂದಳು. ಅವಳ ಮುಂದೆ ಆ ಫೋಟೋ ಏನೇನೂ ಅಲ್ಲ.

"ನಿಮ್ಮೂರ ಸರ್ ಅವ್ರ ಜ್ವರ ಹೆಂಗೈತ್ರಿ ಈಗ?" ಎಂದಳು, ಮೆಲ್ಲಗೆ.

ಗುತ್ತೆಪ್ಪ ಚಾ ಸುರಿದ ಬಸಿ ಹಿಡಿದು ಅವಳನ್ನೇ ನೋಡಿದ.

"ಏರಾಕತ್ತೈತ್ರಿ."