ಎತ್ತಿನ ಕಾಲಿಗೆ ಲಾಳ, ನನ್ನ ಕೈಗೆ ಪಟ್ಟಿ

ಎತ್ತಿನ ಕಾಲಡಿ ಕೂತು ದುಡಿಯುವವನ ಮೈಗೆ ಏನಾದರೊಂದು ಆಗುತ್ತಲೇ ಇರುತ್ತೆ. ನಂಜನಗೂಡು, ತಿ. ನರಸೀಪುರದ ಹಳ್ಳಿಗಳಲ್ಲಿ ಸೈಕಲ್ ಮೇಲೆ ತಿರುಗಿ ಎತ್ತುಗಳಿಗೆ ಲಾಳ ಕಟ್ಟಿಕೊಂಡು ಬದುಕಿದವನು ನಾನು. ಆಗ ಅತ್ತಿದ್ದೂ ಉಂಟು. ಈಗ ನೆನೆದರೆ ನಗು ಬರುತ್ತೆ.

೧. ರಜಾ ಚೀಟಿ

ತೊಂಬತ್ತರ ದಶಕದ ಮಾತು. ಕಳಲೆಯಲ್ಲಿ ಒಬ್ಬ ರೈತನ ಎತ್ತನ್ನು ಕೆಡವಿ, ಕಾಲು ಕಟ್ಟಿ, ಲಾಳ ಹೊಡೀತಿದ್ದೆ. ಮೂರು ಕಾಲು ಮುಗಿದಿತ್ತು. "ಹಗ್ಗ ಇನ್ನೊಂದು ಸುತ್ತು ಬಿಗಿ ಮಾಡಿ" ಅಂದೆ.

"ನಮ್ಮೆತ್ತು ಒದೆಯಾಕಿಲ್ಲ ಕಣಣ್ಣಾ" ಅಂದ.

ಅವನ ಮಾತು ಮುಗಿಯುವ ಮೊದಲೇ ಗಂಟು ಬಿಚ್ಚಿಹೋಗಿ, ಒದೆ ನನ್ನ ಬಲ ಮುಂಗೈಗೆ ಬಿತ್ತು. ಟಕ್ ಅಂತ ಸದ್ದಾದಾಗ ಲಾಳ ಮುರೀತು ಅಂದ್ಕೊಂಡೆ. ಮುರಿದದ್ದು ಮೂಳೆ.

ನಂಜನಗೂಡಿನಲ್ಲಿ ಹೊಸದಾಗಿ ಬಂದಿದ್ದ ಡಾಕ್ಟರು ಸಿಮೆಂಟ್ ಪಟ್ಟಿ ಹಾಕಿ, "ಆರು ವಾರ ಕೈ ಅಲ್ಲಾಡಿಸಬಾರದು. ಕೆಲಸದ ಕಡೆ ಕೊಡೋಕೆ ರಜಾ ಚೀಟಿ ಬರ್ಕೊಡ್ಲಾ?" ಅಂದರು.

"ಬರ್ಕೊಡಿ ಸಾ. ಕನ್ನಡದಲ್ಲೇ ಬರೀರಿ, ಎತ್ತುಗಳಿಗೆ ಇಂಗ್ಲಿಷ್ ಬರಾಕಿಲ್ಲ."

೨. ನೋಡೋಕೆ ಬಂದವನು

ಎರಡನೇ ವಾರ ಅದೇ ರೈತ ಒಂದು ಚಿಪ್ಪು ರಸಬಾಳೆ ಹಿಡ್ಕೊಂಡು ಮನೆಗೆ ಬಂದ. ಪಟ್ಟಿ ನೋಡಿ ಕಣ್ಣು ಒರೆಸಿಕೊಂಡ. ನನಗೇ ಪಾಪ ಅನ್ನಿಸಿ, "ಬಿಡಪ್ಪ, ಕೂಡ್ಕೊಳ್ಳುತ್ತೆ" ಅಂದೆ.

"ಅದಲ್ಲ ಕಣಣ್ಣಾ. ಅವತ್ತಿಂದ ಎತ್ತು ಸರ್ಯಾಗಿ ಮೇವು ತಿಂತಿಲ್ಲ. ಎದರ್ಕೊಂಡದೆ. ಒಂದ್ಸಲ ಬಂದು ಮಕ ತೋರ್ಸು."

ಸಿಟ್ಟೇನೋ ಬಂತು. ಆದರೆ ಮೂರೇ ಕಾಲಿಗೆ ಲಾಳ ಕಟ್ಟಿ ಬಿಟ್ಟು ಬಂದಿದ್ದೆನಲ್ಲ, ಅದು ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಮಾರನೇ ದಿನ ಬಸ್ಸು ಹತ್ತಿ ಹೋದೆ. ಎತ್ತು ಆರಾಮಾಗಿ ಹುಲ್ಲು ಮೇಯುತ್ತಿತ್ತು. ನನ್ನ ಬಿಳಿ ಕೈ ಕಂಡದ್ದೇ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಯಿತು.

"ನೋಡಣ್ಣ" ಅಂದ ರೈತ, "ಒದ್ದಿದ್ದಕ್ಕೆ ಎಂಗೆ ನಾಚ್ಕೋತದೆ!"

೩. ಮಣೆ

ಪಟ್ಟಿ ಬಿಚ್ಚಿದ ಮೇಲೆ ನಿಜವಾದ ಭಯ ಶುರುವಾಯಿತು. ಬೆರಳಲ್ಲಿ ಹಿಡಿತವೇ ಇಲ್ಲ. ಸುತ್ತಿಗೆ ಎತ್ತಿದರೆ ಕೈ ನಡುಗುತ್ತೆ. ಗೊರಸಿನಲ್ಲಿ ಮೊಳೆ ಒಂದೆಳ್ಳಿನಷ್ಟು ಒಳಗೆ ಸರಿದರೂ ಎಳೆ ಮಾಂಸಕ್ಕೆ ಚುಚ್ಚಿ ಎತ್ತು ಕುಂಟುತ್ತೆ. ನನ್ನ ಹೊಟ್ಟೆಪಾಡಿಗೆ ಇನ್ನೊಬ್ಬರ ಎತ್ತು ಕುಂಟಬೇಕಾ? ತಗಡೂರಿನಿಂದ ಕರೆಯೋಕೆ ಬಂದವರನ್ನು ವಾಪಸ್ ಕಳಿಸಿದೆ. ಬೇರೆ ಕೆಲಸ ಗೊತ್ತಿರಲಿಲ್ಲ. ಹೆಂಡತಿಗೆ ಕೈಯ ಸಂಗತಿ ಹೇಳೋಕೆ ಬಾಯಿ ಬರಲಿಲ್ಲ.

ಅವಳು ಹೊಲದ ಕಡೆ ಹೋದಾಗ ಅಡುಗೆಮನೆಯ ಮಣೆ ಎಳ್ಕೊಂಡು, ಅದರ ಮೇಲೆ ಹಳೇ ಲಾಳ ಹೊಡೆದು ಅಭ್ಯಾಸ ಮಾಡುತ್ತಿದ್ದೆ. ಹೊಡೆಯೋದು, ಕೀಳೋದು. ಹತ್ತನೇ ದಿನ ಮೊಳೆ ನೆಟ್ಟಗೆ ಇಳಿಯಿತು. ಖುಷಿಗೆ ಕೀಳೋದೇ ಮರೆತೆ.

ಅವಳು ಬಂದು ಮಣೆ ನೋಡಿದಳು, ನನ್ನ ಕೈ ನೋಡಿದಳು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಅಂದಳು, "ವಾಸಿಯಾಯ್ತಲ್ಲ, ಸದ್ಯ. ಇನ್ನು ನಾಳೆಯಿಂದ ಎತ್ತಿಗೇ ಕಟ್ಟಿ. ಈ ಮಣೆ ಎದ್ದು ನಡ್ಕೊಂಡು ಒಂಟೋದ್ರೆ ನಾನೆಲ್ಲಿ ಕೂರ್ಲಿ?"

೪. ಬಿದ್ದವರು

ಚಿಕೂನ್‌ಗುನ್ಯ ಊರೂರಿಗೆಲ್ಲ ಬಂದ ವರ್ಷ ನನ್ನನ್ನೂ ಬಿಡಲಿಲ್ಲ. ಜ್ವರ ಇಳಿದರೂ ಮಂಡಿ ಮಡಚಿದರೆ ಬಿಚ್ಚೋಲ್ಲ, ಬಿಚ್ಚಿದರೆ ಮಡಚೋಲ್ಲ. ಎಷ್ಟು ದಿನ ಅಂತ ಮಲಗೋದು? ನರಸೀಪುರದ ಹತ್ತಿರದ ಒಂದು ಹಳ್ಳಿಗೆ ಹೋದೆ. ಎತ್ತಿನ ಯಜಮಾನನೂ ಜ್ವರದಿಂದ ಎದ್ದವನೇ, ನನ್ನ ಹಾಗೇ ಬಗ್ಗಿಕೊಂಡು ಬಂದ.

ಎತ್ತು ಸಾಧು. ನಾವು ನರಳುತ್ತಾ ಹಗ್ಗ ಎಳೆದಿದ್ದಕ್ಕೆ ಅದೇ ಕನಿಕರಪಟ್ಟು ಮಲಗಿತು. ಅವನು ಕೂತು ಕಾಲು ಹಿಡಿದ, ನಾನು ಕೂತು ಲಾಳ ಕಟ್ಟಿದೆ. ಹಗ್ಗ ಬಿಚ್ಚಿದ್ದೇ ಎತ್ತು ಮೈ ಕೊಡವಿಕೊಂಡು ಎದ್ದು ನಿಂತಿತು. ನಮಗಿಬ್ಬರಿಗೂ ಏಳೋಕಾಗಲಿಲ್ಲ. ನಾನು ಅವನ ಭುಜ ಹಿಡಿದೆ, ಅವನು ನನ್ನ ಭುಜ ಹಿಡಿದ. ಇಬ್ಬರೂ ಒಟ್ಟಿಗೆ ಅಂಗಾತ ಬಿದ್ದೆವು.

ಸದ್ದು ಕೇಳಿ ಅವನ ಹೆಂಡತಿ ಹೊರಗೆ ಬಂದಳು. ಎತ್ತನ್ನು ನೋಡಿದಳು, ನಮ್ಮನ್ನು ನೋಡಿದಳು. ಸೊಂಟದ ಮೇಲೆ ಕೈಯಿಟ್ಟು ಅಂದಳು:

"ಲಾಳ ಕಟ್ಟಿಸ್ಕೊಂಡಿದ್ದು ಎದ್ದು ನಿಂತದೆ, ಕಟ್ಟಿದೋರು ಬಿದ್ದವ್ರೆ! ಆ ಸುತ್ತಿಗೆ ಇತ್ಲಾಗ್ ಕೊಡಿ, ನಿಮ್ಮಿಬ್ರಿಗೂ ಒಂದೊಂದ್ ಜೊತೆ ಲಾಳ ಒಡೀತೀನಿ, ಆಗ್ಲಾದ್ರೂ ಎದ್ದೀರಾ ನೋಡವ."