ಸೈಕಲ್ಲಿನ ಕುತ್ತಿಗೆ

ಮುರಿದದ್ದನ್ನು ಎಸೆಯುವ ಪೈಕಿಯವನಲ್ಲ ನಾನು. ಗೋಕಾಕದಲ್ಲಿ ನನ್ನದು ಪಂಪ್‌ಸೆಟ್ಟು, ಪೈಪುಗಳ ಅಂಗಡಿ. ನಮ್ಮ ಮನೆಯ ಕುಕ್ಕರಿನ ಹಿಡಿಕೆ ಪೂರ್ವಾಶ್ರಮದಲ್ಲಿ ಛತ್ರಿಯದು. ಕುರ್ಚಿಯ ಒಂದು ಕಾಲು ಅಪ್ಪಟ ನೀರಾವರಿ ಪೈಪು. (ಬೀಗರು ಅದರ ಮೇಲೆ ಕೂತಾಗ ನಾನು ಉಸಿರು ಬಿಗಿಹಿಡಿಯುತ್ತೇನೆ, ಆ ಮಾತು ಬೇರೆ.) ಈ ಮಹಾವಿದ್ಯೆಗೆ ಊರೆಲ್ಲ ತಲೆದೂಗಿದರೂ ನನ್ನ ಹೆಂಡತಿ ಶೈಲಾ ಮಾತ್ರ ಮೂಗು ಮುರಿಯುತ್ತಾಳೆ. ಮುರಿದ ಆ ಮೂಗೊಂದನ್ನು ರಿಪೇರಿ ಮಾಡುವುದು ನನಗಿನ್ನೂ ಸಾಧ್ಯವಾಗಿಲ್ಲ.

ಶೈಲಾ ಕೌಜಲಗಿಯ ಶಾಲೆಯಲ್ಲಿ ಆಟ ಕಲಿಸುವ ಟೀಚರು. ಕಾಲೇಜಿನಲ್ಲಿದ್ದಾಗ ಸೈಕಲ್ ರೇಸಿನಲ್ಲಿ ಹೆಸರು ಮಾಡಿದವಳು. ಮದುವೆಯಾದ ಮೇಲೆ ಕೈಬಿಟ್ಟಿದ್ದನ್ನು ಈ ವರ್ಷ ಮತ್ತೆ ಹಿಡಿದು, ಮೂಡಲಗಿಯ ಮಹಿಳಾ ರೇಸಿಗೆ ಹೆಸರು ಕೊಟ್ಟಳು. ರೇಸು ಹತ್ತಿರ ಬಂದಾಗ ಒಂದು ಸಂಜೆ ಸೈಕಲ್ಲು ಒರೆಸುತ್ತಿದ್ದವಳು ಕೂಗಿದಳು:

"ರೀ, ಇಲ್ಲಿ ಬರ್ರಿ. ಸ್ಟೆಮ್ ಸೀಳೇತಿ ನೋಡ್ರಿ."

ಸ್ಟೆಮ್ ಎಂದರೆ ಹ್ಯಾಂಡಲ್ಲನ್ನು ಸೈಕಲ್ಲಿನ ಮೈಗೆ ಕೂಡಿಸುವ ಗಿಡ್ಡ ಅಲ್ಯುಮಿನಿಯಂ ತುಂಡು. ಸೈಕಲ್ಲಿನ ಕುತ್ತಿಗೆ ಅನ್ನಿ. ಅದರ ಮೇಲೊಂದು ಕೂದಲೆಳೆಯಂಥ ಬಿರುಕು.

"ಅಯ್ಯ, ಇಷ್ಟ ಹೌದಿಲ್ಲೋ? ರಾವಸಾಹೇಬನ ಕಡೆ ಒಂದ ವೆಲ್ಡಿಂಗ್ ಹೊಡಸಿದ್ರ ಮುಗೀತು."

"ಹೊಡಸಬ್ಯಾಡ್ರಿ. ಇದು ಭಾಂಡೆ ಮಾಡೂ ಅಲ್ಯುಮಿನಿಯಂ ಅಲ್ಲ. ಕಾಸಿ, ಹದಾ ಮಾಡಿ ಗಟ್ಟಿ ಮಾಡಿದ್ದು. ಮತ್ತ ಬೆಂಕಿ ತಾಗಿದ್ರ ಬಾಜೂಕಿಂದೆಲ್ಲಾ ಹದಾ ಹೋಗಿ ಮೆತ್ತಗ ಆಗತೈತಿ. ಕಟಕ ರೊಟ್ಟಿಗಿ ನೀರ ಹೊಡದಂಗ."

"ಹಂಗಾರ ವೆಲ್ಡಿಂಗ್ ಮಾಡವ್ರೆಲ್ಲಾ ಹುಚ್ಚರೇನ?"

"ಮಾಡವ್ರಲ್ಲ, ಮಾಡಸವ್ರು," ಎಂದಳು. "ಹೊಸಾದ ಹಾಕೂದು ಅಷ್ಟ."

ಮರುದಿನ ಆಕೆ ಶಾಲೆಗೆ ಹೋದದ್ದೇ ತಡ, ನಾನು ಕುತ್ತಿಗೆ ಬಿಚ್ಚಿಕೊಂಡು ರಾವಸಾಹೇಬನ ವೆಲ್ಡಿಂಗ್ ಅಂಗಡಿಗೆ ನಡೆದೆ. ಅವನು ತುಂಡನ್ನು ತಿರುಗಿಸಿ ನೋಡಿ ನಕ್ಕ.

"ಇದೇನ ದೊಡ್ಡ ಮಾತ್ರಿ ಸಾವಕಾರ್ರ? ಹುಕ್ಕೇರಿಯಿಂದ ನನ್ನ ಹುಡುಕ್ಕೋತ ಬರ್ತಾರ ಮಂದಿ. ನನ್ನ ಬೆಸುಗಿ ಬಿಟ್ರ ಈ ಮೀಸಿ ಬೋಳಸ್ತೀನಿ!"

(ಅಂಥ ಭವ್ಯ ಮೀಸೆಯನ್ನು ಪಣಕ್ಕಿಟ್ಟವನನ್ನು ನಂಬದೆ ಇನ್ನಾರನ್ನು ನಂಬಲಿ, ನೀವೇ ಹೇಳಿ.) ಬೆಸುಗೆ ಎಂದರೆ ಬೆಸುಗೆ! ಮೀನಿನ ಹುರುಪೆಯಂತೆ ಸಾಲಾಗಿ ಹೊಳೆಯುತ್ತಿತ್ತು. ತಂದು ಜೋಡಿಸಿ, ಸೈಕಲ್ಲನ್ನು ಬಾಗಿಲಲ್ಲಿ ನಿಲ್ಲಿಸಿ, ಹೊಗಳಿಕೆಗಾಗಿ ಕಾದು ಕುಳಿತೆ.

ಶೈಲಾ ಬಂದಳು. ನೋಡಿದಳು. ಹೊಗಳಲಿಲ್ಲ.

"ಇದರ ಮ್ಯಾಲ ನಾ ಕೂಡೂದಿಲ್ರಿ. ಬೆಳಗಾವಿಯಿಂದ ಹೊಸಾದ ತರಸೇನಿ, ನಾಳಿ ಬರತೈತಿ."

"ನನ್ನ ಒಂದ ಮಾತ ಕೇಳದ?"

"ನೀವು ನನ್ನ ಕೇಳಿ ಬೆಸಸಿದ್ರೇನ?"

ಎದುರು ಮನೆಯ ಸಾತಪ್ಪ ರಸ್ತೆಯ ಮೇಲೆ ಒಣಹಾಕಿದ್ದ ಗೋವಿನಜೋಳದಲ್ಲಿ ಕೈಯಾಡಿಸುತ್ತಿದ್ದವನು ಕಿಸಕ್ಕನೆ ನಕ್ಕ. ಆ ನಗು ನನ್ನ ಗಂಡಸುತನಕ್ಕೆ ನೇರವಾಗಿ ತಾಗಿತು.

"ನಾನ ಹೊಡದ ತೋರಸ್ತೀನಿ ತಡಿ!"

"ಬ್ಯಾಡ್ರಿ, ನಿಮ್ಮ ಕೈ ಮುಗೀತೇನಿ. ಇಳೀರಿ."

ಕೈ ಮುಗಿದ ಹೆಂಡತಿ ಗೆದ್ದ ಗಂಡನ ಲಕ್ಷಣ ಎಂದು ತಿಳಿದು ನಾನು ಪೆಡಲ್ ತುಳಿದೆ. ಓಣಿಯ ತುದಿಯವರೆಗೆ ಹೋದೆ. ಕುತ್ತಿಗೆ ಅಲುಗಲಿಲ್ಲ. ವಿಜಯಿಯಾಗಿ ತಿರುಗಿ, ಸಾತಪ್ಪನಿಗೂ ಕಾಣಲೆಂದು ಎದೆಯುಬ್ಬಿಸಿ ವೇಗವಾಗಿ ಬಂದೆ. ದಾರಿಯಲ್ಲೊಂದು ಹಂಪ್. ಟಕ್ ಎಂದಿತು. ಹ್ಯಾಂಡಲ್ಲು ನನ್ನ ಕೈಯಲ್ಲೇ ಉಳಿಯಿತು, ಸೈಕಲ್ಲು ಗಟಾರದ ಕಡೆ ಹೋಯಿತು, ನಾನು ಎರಡನ್ನೂ ಬಿಟ್ಟು ಗೋವಿನಜೋಳದ ಮೇಲೆ ಹೊಟ್ಟೆಯಡಿಯಾಗಿ ಜಾರುತ್ತ ಸಾತಪ್ಪನ ಪಾದಾರವಿಂದ ಸೇರಿದೆ.

ಸುದ್ದಿ ಕೇಳಿ ಓಡಿ ಬಂದ ರಾವಸಾಹೇಬ ಮೊದಲು ಎತ್ತಿದ್ದು ನನ್ನನ್ನಲ್ಲ, ತುಂಡನ್ನು.

"ನೋಡ್ರಿ ಸಾವಕಾರ್ರ! ನನ್ನ ಬೆಸುಗಿ ಹಂಗ ಐತಿ! ಮುರದದ್ದು ಅದರ ಬಾಜೂಕ!" ಎಂದು ಮೀಸೆ ತಿರುವಿದ. ಮೀಸೆ ಉಳಿಯಿತು. ಉಳಿಯದೆ ಹೋದದ್ದು ನನ್ನ ಬಲಗೈ ಮಣಿಕಟ್ಟಿನ ಎಲುಬು.

ಘಟಪ್ರಭಾದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವಾಗ ಶೈಲಾ ನನ್ನ ಎಡಗೈ ಹಿಡಿದುಕೊಂಡು ಕೂತಿದ್ದಳು. ಆಗ ನನಗೆ ಹೊಳೆದದ್ದು ಮೂಡಲಗಿಯ ರಸ್ತೆಯ ಇಳಿಜಾರು. ಅಲ್ಲಿ, ಅಷ್ಟು ಜೋರಿನಲ್ಲಿ, ಈಕೆಯ ಕೈಗೆ ಹ್ಯಾಂಡಲ್ಲು ಕಿತ್ತು ಬಂದಿದ್ದರೆ?

"ಇನ್ನ ನಿನ್ನ ಸೈಕಲ್ಲಿಗಿ ಕೈ ಹಚ್ಚೂದಿಲ್ಲ," ಎಂದೆ.

"ಹಚ್ಚಾಕ ಕೈಯರ ಎಲ್ಲಿ ಐತ್ರಿ?" ಎಂದಳು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಹೊಸ ಕುತ್ತಿಗೆ ಹಾಕಿಕೊಂಡು ಶೈಲಾ ಮೂಡಲಗಿಯಲ್ಲಿ ಎರಡನೆಯವಳಾಗಿ ಬಂದಳು. ನಾನು ಎಡಗೈಯಿಂದ ತೊಡೆ ತಟ್ಟಿಕೊಂಡು ಚಪ್ಪಾಳೆ ಪೂರೈಸಿದೆ. ಎಲ್ಲವೂ ಸುಖಾಂತವೆಂದುಕೊಂಡು ಮರುದಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಾಗ ಸಾತಪ್ಪ ಹೆಗಲ ಮೇಲೊಂದು ಅಲ್ಯುಮಿನಿಯಂ ಏಣಿ ಹೊತ್ತು ಬಂದ. ಅದರ ಮೇಲಿನ ಮೆಟ್ಟಿಲಿಗೆ ಹೊಚ್ಚ ಹೊಸ ಬೆಸುಗೆ.

"ರಾವಸಾಹೇಬ ಬೆಸದ ಕೊಟ್ಟಾನ್ರಿ," ಎಂದ ವಿನಯದಿಂದ. "ತಡೀತೈತೋ ಇಲ್ಲೋ ಅಂತ ಕೇಳಿದ್ರ, ನಿಮ್ಮನ್ನ ಒಂದ ಸಲ ಹತ್ತಿಸಿ ನೋಡ್ಕೊ ಅಂದ."

ನಾನು ಸಹಾಯಕ್ಕಾಗಿ ಶೈಲಾಳ ಮುಖ ನೋಡಿದೆ. ಆಕೆ ನನ್ನ ಕೈಯಿಂದ ಚಹಾದ ಕಪ್ಪು ತೆಗೆದುಕೊಂಡಳು.

"ಕರಕೊಂಡ ಹೋಗ್ರಿ ಅಣ್ಣಾ. ಕೈ ಒಂದ ಹೋಗೇತಿ, ಕಾಲು ಎರಡೂ ಗಟ್ಟಿ ಅದಾವ."